ಸರಸ್ ವಿಮಾನವನ್ನು ಇನ್ನೊಂದು ಸಲ ನಿಲ್ಲಿಸಬೇಡಿ

ನಿನ್ನೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವಾಗ ಪಕ್ಕದ ಸೀಟಿನವರು ಕಿಟಕಿಯಾಚೆ ನೋಡಿ, "ಇದೇನ್ರೀ, ಫ್ಯಾನ್ ಇರೋ ಹಳೇ ವಿಮಾನ" ಅಂದರು. ನನ್ನ ವಿಮಾನದ ಹುಚ್ಚು ನಿಮಗೆಲ್ಲ ಗೊತ್ತೇ ಇದೆ, ಸುಮ್ನೆ ಇರೋಕಾಗಲಿಲ್ಲ. ಹಳೇದಲ್ಲ ಸಾರ್, ಒಳಗೆ ಜೆಟ್‌ನಲ್ಲಿರುವಂಥ ಟರ್ಬೈನೇ ಇದೆ, ಅದು ಪ್ರೊಪೆಲರ್ ತಿರುಗಿಸುತ್ತದೆ, ಇದಕ್ಕೆ ಟರ್ಬೊಪ್ರಾಪ್ ಅಂತಾರೆ, ಹತ್ತಿರದ ಊರುಗಳಿಗೆ ಹೋಗಲು ಜೆಟ್‌ಗಿಂತ ಕಡಿಮೆ ಇಂಧನ ಸಾಕು, ಚಿಕ್ಕ ರನ್‌ವೇ ಸಾಕು ಅಂದೆ. ಆಮೇಲೆ ನಮ್ಮ ಬೆಂಗಳೂರಿನಲ್ಲೇ ಮಾಡಿದ ಸರಸ್ ವಿಮಾನದ ಬಗ್ಗೆ ಹೇಳಿದೆ. ಹೆಸರೇ ಕೇಳಿರಲಿಲ್ಲ ಅವರು. ಬೆಂಗಳೂರಲ್ಲೇ ಹುಟ್ಟಿ ಬೆಳೆದವರು! ರಾತ್ರಿಯೆಲ್ಲ ಅದೇ ಕೊರೆಯುತ್ತಿತ್ತು.

ನಮ್ಮ ಎನ್‌ಎಎಲ್‌ನವರ (ವಿಮಾನ ಸಂಶೋಧನೆ ಮಾಡುವ ಸರ್ಕಾರಿ ಪ್ರಯೋಗಾಲಯ) 14 ಸೀಟಿನ ಸರಸ್ ಮೊದಲು ಹಾರಿದ್ದು 2004ರ ಮೇ 29ರಂದು, ಇದೇ ಬೆಂಗಳೂರಿನಲ್ಲಿ. ಎರಡೂ ಎಂಜಿನ್ ಬಾಲದ ಹತ್ತಿರ. ಪ್ರೊಪೆಲರ್‌ಗಳು ವಿಮಾನವನ್ನು ಮುಂದಿನಿಂದ ಎಳೆಯುವುದಿಲ್ಲ, ಹಿಂದಿನಿಂದ ತಳ್ಳುತ್ತವೆ. ತೂಕ ಅಂದುಕೊಂಡದ್ದಕ್ಕಿಂತ ಜಾಸ್ತಿ ಆಗಿತ್ತು, ನಿಜ. ಮೊದಲ ಮಾದರಿ ಅಲ್ವಾ? ಎರಡನೆಯದನ್ನು ಹಗುರ ಮಾಡಿದರು.

2009ರ ಮಾರ್ಚ್ 6ರಂದು ಆ ಎರಡನೆಯದು ಬಿಡದಿ ಹತ್ತಿರ ಬಿತ್ತು. ಆಕಾಶದಲ್ಲೇ ಒಂದು ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡುವ ಪರೀಕ್ಷೆ ನಡೆದಿತ್ತು. ವಾಯುಪಡೆಯ ಮೂವರು ಅಧಿಕಾರಿಗಳು ತೀರಿಕೊಂಡರು. ಅವತ್ತು ಟಿವಿ ಮುಂದೆ ಕೂತು ನಾನೂ ಹೇಳಿದ್ದೆ, "ಸಾಕು, ಇದನ್ನು ಮುಚ್ಚಿಬಿಡಲಿ" ಅಂತ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ. ಮೂರು ಜೀವ ತೆತ್ತು ಕಲಿತ ಪಾಠವನ್ನು ಮುಂದಿನ ವಿಮಾನಕ್ಕೆ ಹಾಕಬೇಕಿತ್ತು. ನಾವು ನಿಲ್ಲಿಸಿದೆವು. ಸರಸ್ ಮತ್ತೆ ಹಾರಿದ್ದು 2018ರ ಜನವರಿ 24ಕ್ಕೆ. ಹತ್ತಿರ ಹತ್ತಿರ ಒಂಬತ್ತು ವರ್ಷ!

ಹೊರದೇಶದಲ್ಲಿ ಒಳ್ಳೆಯ ವಿಮಾನ ಸಿಗುವಾಗ ನಾವ್ಯಾಕೆ ಮಾಡಬೇಕು ಅಂತ ಕೇಳುವವರಿದ್ದಾರೆ. ನಿನ್ನೆ ನಾನು ಕೂತದ್ದೂ ಹೊರದೇಶದ ಎಟಿಆರ್ ವಿಮಾನದಲ್ಲೇ, ಒಳ್ಳೆಯ ವಿಮಾನವೇ. ಆದರೆ ಬ್ರೆಜಿಲ್‌ನವರು ಹೀಗೆ ಯೋಚಿಸಿದ್ದರೆ? ಅವರ ಬಂದೇರಾಂಚಿ, ಇಂಥದ್ದೇ ಚಿಕ್ಕ ಟರ್ಬೊಪ್ರಾಪ್, 1968ರಲ್ಲಿ ಹಾರಿತು. ಅದನ್ನು ತಯಾರಿಸಲೆಂದೇ ಮರುವರ್ಷ ಎಂಬ್ರೇಯರ್ ಕಟ್ಟಿದರು. ಇವತ್ತು ಆ ಕಂಪನಿಯ ವಿಮಾನಗಳನ್ನು ನಮ್ಮ ದೇಶವೇ ಕೊಂಡಿದೆ. ಅವರು ಬಿಡದೆ ಮಾಡಿದರು. ವ್ಯತ್ಯಾಸ ಅಷ್ಟೇ.

ಇನ್ನೊಂದು ಸಂಕಟ. 1961ರಲ್ಲೇ ಕಾನ್ಪುರದಲ್ಲಿ ಜೋಡಿಸಿದ ಆವ್ರೋ ಎಂಬ ಟರ್ಬೊಪ್ರಾಪ್ ವಿಮಾನ ಹಾರಿತ್ತು. ನಕ್ಷೆ ಬ್ರಿಟನ್ನಿನದು, ಆದರೆ ಕೈ ನಮ್ಮದೇ. ಆ ಕೈಗಳ ಅನುಭವ ಎಲ್ಲಿ ಹೋಯಿತು?

ಈಗ 19 ಸೀಟಿನ ಸರಸ್ ಮಾರ್ಕ್ 2 ಕೆಲಸ ನಡೆದಿದೆ. ಎಡವಟ್ಟು ಆಗಲಿ, ತಡ ಆಗಲಿ, ದುಡ್ಡು ಮಾತ್ರ ಮಧ್ಯದಲ್ಲಿ ನಿಲ್ಲಬಾರದು. 2004ರಲ್ಲಿ ಮೂವತ್ತರ ಹರೆಯದಲ್ಲಿದ್ದ ಎಂಜಿನಿಯರಿಗೆ ಈಗ ಐವತ್ತು ದಾಟಿದೆ. ಅವರು ನಿವೃತ್ತರಾಗುವ ಮೊದಲು ಈ ವಿಮಾನ ಜನರನ್ನು ಹತ್ತಿಸಿಕೊಂಡು ಹಾರಬೇಕು.