ಬ್ಯಾಂಟಮ್ ಕೋಳಿಗೆ ನಮ್ಮ ಮಳೆ ಒಗ್ಗಬೇಕಲ್ವಾ
ನಿಮ್ಮ ಬರಹದಲ್ಲಿ, ಬ್ಯಾಂಟಮ್ ಎಂಬ ಪುಟ್ಟ ಗಾತ್ರದ ಕೋಳಿಗಳನ್ನು ತೋಟದಲ್ಲಿ ಹಾಗೇ ಬಿಟ್ಟರೂ ಗಿಡ ಹಾಳಾಗುವುದಿಲ್ಲ ಎಂದು ಬರೆದಿದ್ದೀರಿ. ಅರ್ಧ ನಿಜ. ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ, ನಾಲ್ಕು ಸಾಕಿದ್ದೇನೆ. ದೊಡ್ಡ ಗಿಡಕ್ಕೆ ಏನೂ ಮಾಡುವುದಿಲ್ಲ, ಸರಿ. ಆದರೆ ಆಗಷ್ಟೇ ಮೊಳೆತ ಹರಿವೆ ಸಾಲನ್ನು ಒಂದೇ ಬೆಳಿಗ್ಗೆ ಕೆದಕಿ ಮುಗಿಸಿದವು.

ನೀವು ಬಿಟ್ಟ ವಿಷಯ ಮಳೆ. ಬ್ಯಾಂಟಮ್‌ನಲ್ಲೇ ಸಿಲ್ಕಿ ಎಂಬ ಜಾತಿಯದರ ಗರಿ ಹತ್ತಿಯ ಹಾಗೆ, ಅದರ ಮೇಲೆ ನೀರು ಜಾರುವುದಿಲ್ಲ. ನೆನೆದರೆ ಮೈಗೆ ಅಂಟಿ ಚಳಿ ಹಿಡಿಯುತ್ತದೆ. ನಮ್ಮಲ್ಲಿ ಜೂನ್‌ಗೆ ಹಿಡಿದ ಮಳೆ ಬಿಡುವುದು ಸೆಪ್ಟೆಂಬರ್‌ಗೆ. ಮೊದಲ ವರ್ಷ ಇದು ಗೊತ್ತಾಗದೆ ಒಂದು ಹೇಂಟೆಯನ್ನು ಕಳೆದುಕೊಂಡೆ. ಈಗ ಮಳೆಗಾಲ ಪೂರ್ತಿ ಹಟ್ಟಿಯ ಮೂಲೆಯಲ್ಲಿ, ಒಣ ತರಗೆಲೆಯ ಮೇಲೆ ಅವುಗಳ ವಾಸ.

ಕಾವು ಕೂರುವುದರಲ್ಲಿ ಮಾತ್ರ ಇವಕ್ಕೆ ಸಾಟಿ ಇಲ್ಲ. ಊರಕೋಳಿಯ ಮೊಟ್ಟೆ ಇಟ್ಟರೂ 21 ದಿನ ಅಲುಗದೆ ಕೂರುತ್ತವೆ. ಮರಿ ತಾಯಿಯಷ್ಟೇ ಬೆಳೆದ ಮೇಲೂ ರೆಕ್ಕೆಯಡಿ ನುಗ್ಗಲು ಹೋಗುವುದನ್ನು ನೋಡಬೇಕು!

ನೆರೆಯವರದ್ದು ಒಂದೇ ಪ್ರಶ್ನೆ: "ಇದರಲ್ಲಿ ಮಾಂಸ ಎಷ್ಟು ಸಿಗುತ್ತದೆ?" ಕಿಲೋದ ಆಸುಪಾಸು ತೂಗುವ ಕೋಳಿ ಮಾರಾಯ್ರೆ, ಸುಮ್ನೆ ಮಡಿಲಲ್ಲಿ ಕೂರಿಸಿಕೊಳ್ಳಲು ಸಾಕಿದ್ದು.

ಅಂದ ಹಾಗೆ, ಕೀರಿ ನುಗ್ಗದ ಹಾಗೆ ನಿಮ್ಮ ಗೂಡಿಗೆ ಎಂಥ ಬಲೆ ಹಾಕಿದ್ದೀರಿ?