ಯಾರಿಗೂ ಬೇಡವಾದ ತುಂಡು ನೆಲ

ಅಮೆರಿಕದಲ್ಲಿರೋ ನಮ್ಮವರು ರಜೆ ಸಿಕ್ಕರೆ ಗ್ರ್ಯಾಂಡ್ ಕ್ಯಾನಿಯನ್‌ಗೋ ನಯಾಗರಕ್ಕೋ ಹೋಗ್ತಾರೆ. ನಾನು ಹೋದ ಏಪ್ರಿಲ್‌ನಲ್ಲಿ ಡಲ್ಲಾಸ್‌ನಿಂದ ಇಡೀ ದಿನ ಕಾರು ಓಡಿಸಿಕೊಂಡು ಓಕ್ಲಹೋಮಾ ರಾಜ್ಯದ ಸಿಮರಾನ್ ಕೌಂಟಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಹೋಗಿದ್ದೆ. "ಅಲ್ಲೇನಿದೆ ಅಂತ?" ಎಂದು ಮನೆಯವಳು ಕೇಳಿದ್ದಳು. ನಿಜ ಹೇಳಬೇಕೆಂದರೆ, ಹೆಚ್ಚೇನೂ ಇಲ್ಲ. 4,700 ಚದರ ಕಿಲೋಮೀಟರಿಗೂ ಮಿಕ್ಕಿದ ಜಾಗ. 2020ರ ಜನಗಣತಿಯಲ್ಲಿ ಸಿಕ್ಕವರು 2,296 ಮಂದಿ. ನಮ್ಮ ಕಡೆ ಒಂದು ದೊಡ್ಡ ಮದುವೆಗೆ ಊಟಕ್ಕೆ ಕೂರುವಷ್ಟು ಜನ.

ನಕ್ಷೆಯಲ್ಲಿ ಓಕ್ಲಹೋಮಾ ಹಿಡಿಯಿರೋ ಬಾಣಲೆ ಥರ ಕಾಣುತ್ತೆ. ಆ ಹಿಡಿಯ ಪಶ್ಚಿಮದ ತುದಿಯೇ ಈ ಕೌಂಟಿ. ಕಾನ್ಸಾಸ್, ಕೊಲೊರಾಡೊ, ನ್ಯೂ ಮೆಕ್ಸಿಕೊ, ಟೆಕ್ಸಾಸ್, ಹೀಗೆ ಹೊರಗಿನ ನಾಲ್ಕು ರಾಜ್ಯಗಳಿಗೆ ತಾಗಿಕೊಂಡಿರೋ ಕೌಂಟಿ ಇಡೀ ದೇಶದಲ್ಲಿ ಇದೊಂದೇ. ಈ ಹಿಡಿಯನ್ನು ಮಾಡಿದ್ದು ನದಿಯೂ ಅಲ್ಲ ಬೆಟ್ಟವೂ ಅಲ್ಲ, ಗುಲಾಮಗಿರಿ. 36 ಡಿಗ್ರಿ 30 ಮಿನಿಟ್ ಅಕ್ಷಾಂಶದ ಉತ್ತರಕ್ಕೆ ಗುಲಾಮರನ್ನು ಇಟ್ಟುಕೊಳ್ಳುವಂತಿಲ್ಲ ಅಂತ 1820ರಲ್ಲಿ ಒಪ್ಪಂದವಾಗಿತ್ತು. ಗುಲಾಮರನ್ನು ಬಿಡಲೊಲ್ಲದ ಟೆಕ್ಸಾಸ್ 1850ರಲ್ಲಿ ಆ ಗೆರೆಯಾಚೆಗಿನ ತನ್ನ ನೆಲವನ್ನೇ ಬಿಟ್ಟುಕೊಟ್ಟಿತು. ನಾಲ್ಕು ವರ್ಷ ಕಳೆದು ಕಾನ್ಸಾಸ್‌ಗೆ 37ನೇ ಡಿಗ್ರಿಯಲ್ಲಿ ಗಡಿ ಹಾಕಿದರು. ನಡುವೆ 34 ಮೈಲಿ ಅಗಲದ ಪಟ್ಟಿಯೊಂದು ಯಾರ ಲೆಕ್ಕಕ್ಕೂ ಸೇರದೆ ಉಳಿಯಿತು. ಕಮಾಂಚಿ ಬುಡಕಟ್ಟಿನವರು ಕಾಡೆಮ್ಮೆ ಬೇಟೆಯಾಡಿಕೊಂಡಿದ್ದ ಆ ಹುಲ್ಲುಗಾವಲಿಗೆ ಬಿಳಿಯರು ಕೊಟ್ಟ ಹೆಸರು 'ನೋ ಮ್ಯಾನ್ಸ್ ಲ್ಯಾಂಡ್', ಯಾರದ್ದೂ ಅಲ್ಲದ ನೆಲ. ನಲವತ್ತು ವರ್ಷ ಅಲ್ಲಿ ಕೋರ್ಟಿಲ್ಲ, ಪೊಲೀಸಿಲ್ಲ, ಪಟ್ಟಾ ಇಲ್ಲ. 1890ರಲ್ಲಿ ಓಕ್ಲಹೋಮಾಕ್ಕೆ ಅಂಟಿಸಿದರು, 1907ರಲ್ಲಿ ಕೌಂಟಿ ಆಯಿತು.

ಮರುವರ್ಷವೇ ರಿಯಲ್ ಎಸ್ಟೇಟ್ ದಂಧೆಯೂ ಶುರು! ಸಾಲುಮರ, ಪಕ್ಕಾ ರಸ್ತೆ, ಉಕ್ಕೋ ಬಾವಿ ಇರೋ ಬಾಯ್ಸ್ ಸಿಟಿ ಅಂತ ಬಣ್ಣದ ಕರಪತ್ರ ಹಂಚಿ ದೂರದೂರದವರಿಗೆ ಸೈಟು ಮಾರಿದರು. ಕೊಂಡವರು ಬಂದು ನೋಡಿದರೆ ಬರೀ ಬಟ್ಟಬಯಲು. ಮಾರಿದವರು ಜೈಲಿಗೆ ಹೋದರು, ಊರು ಮಾತ್ರ ಹೇಗೋ ನಿಂತುಕೊಂಡಿತು. ಈಗಲೂ ಅದೇ ಕೌಂಟಿಯ ಕೇಂದ್ರ. (1943ರ ಜುಲೈನಲ್ಲಿ ತರಬೇತಿಗೆ ಹಾರಿದ ಅಮೆರಿಕದ್ದೇ ವಿಮಾನವೊಂದು ಕೋರ್ಟಿನ ಸುತ್ತಲಿನ ದೀಪಗಳನ್ನೇ ಗುರಿ ಅಂದುಕೊಂಡು ಮಧ್ಯರಾತ್ರಿ ಆರು ಅಭ್ಯಾಸದ ಬಾಂಬು ಹಾಕಿತು. ಯಾರಿಗೂ ಏನೂ ಆಗಲಿಲ್ಲ. ಊರವರು ಅದಕ್ಕೊಂದು ಸ್ಮಾರಕ ಕಟ್ಟಿಕೊಂಡಿದ್ದಾರೆ. ಮೆಚ್ಚಿದೆ.)

ನನ್ನ ತಕರಾರು ಇರೋದು 'ಡಸ್ಟ್ ಬೌಲ್' ಬಗ್ಗೆ, ಅಂದರೆ 1930ರ ದಶಕದಲ್ಲಿ ಈ ಬಯಲನ್ನು ಹಾಳುಮಾಡಿದ ಧೂಳಿನ ಬಿರುಗಾಳಿಗಳ ಬಗ್ಗೆ. 1935ರ ಏಪ್ರಿಲ್ 14, ಭಾನುವಾರ. ಕಪ್ಪು ಗೋಡೆಯಂಥ ಧೂಳು ಎದ್ದು ಬಂದು ಹಗಲು ಕತ್ತಲಾಯಿತು. ಬಾಯ್ಸ್ ಸಿಟಿಯ ಹತ್ತಿರವೇ ಅದಕ್ಕೆ ಸಿಕ್ಕಿಕೊಂಡ ಪತ್ರಕರ್ತ ರಾಬರ್ಟ್ ಗೈಗರ್ ಮರುದಿನದ ವರದಿಯಲ್ಲಿ ಆ ಪದ ಬಳಸಿದ. ಅಂದಿನಿಂದ ಅದೇ ಹೆಸರು. ಮರುವರ್ಷ ಆರ್ಥರ್ ರೋಥ್‌ಸ್ಟೀನ್ ತೆಗೆದ ಫೋಟೋ ನೀವೂ ನೋಡಿರಬಹುದು: ಧೂಳಿಗೆ ತಲೆ ಬಗ್ಗಿಸಿ ಗುಡಿಸಲ ಕಡೆ ಧಾವಿಸೋ ಅಪ್ಪ ಮತ್ತು ಇಬ್ಬರು ಗಂಡುಮಕ್ಕಳು. ಅದು ಇದೇ ಕೌಂಟಿಯದು.

ಎಲ್ಲರೂ ಇದನ್ನು ಬರ ಅಂತಾರೆ. ಬರ ಅಲ್ಲಿಗೆ ಹೊಸದೇ? ವರ್ಷಕ್ಕೆ 20 ಇಂಚು ಮಳೆಯೂ ಬೀಳದ ನೆಲ ಅದು. ಎಷ್ಟೋ ಬರ ಬಂದು ಹೋದಾಗಲೂ ಹುಲ್ಲಿನ ಬೇರು ಮಣ್ಣನ್ನು ಹಿಡಿದಿಟ್ಟಿತ್ತು. ಮೊದಲ ಮಹಾಯುದ್ಧದಲ್ಲಿ ಗೋಧಿ ಬುಶೆಲ್‌ಗೆ (ಸುಮಾರು 27 ಕೆಜಿ) ಎರಡು ಡಾಲರ್ ಮುಟ್ಟಿತು ನೋಡಿ, ಟ್ರ್ಯಾಕ್ಟರ್ ತಂದು ಹುಲ್ಲನ್ನೆಲ್ಲ ಕಿತ್ತುಹಾಕಿದರು. ಊರಲ್ಲೇ ಇರದೆ ಬಿತ್ತನೆಗೂ ಕೊಯ್ಲಿಗೂ ಮಾತ್ರ ಬರುತ್ತಿದ್ದವರಿಗೆ 'ಸೂಟ್‌ಕೇಸ್ ರೈತರು' ಅಂತಲೇ ಹೆಸರಿತ್ತು. 1930ರ ದಶಕದ ಆರಂಭಕ್ಕೆ ಬೆಲೆ 40 ಸೆಂಟಿಗೂ ಕೆಳಗೆ ಬಿತ್ತು. ಬೆಲೆ ಬಿದ್ದಷ್ಟೂ ಹೆಚ್ಚು ಉತ್ತರು, ಸಾಲ ತೀರಬೇಕಲ್ಲ. ಆಮೇಲೆ ಸೋತು ಹೊಲ ಹಾಗೇ ಬಿಟ್ಟು ಹೋದರು. ಬೆತ್ತಲೆ ಮಣ್ಣಿಗೆ ಗಾಳಿ ಬೀಸಿದರೆ ಇನ್ನೇನಾಗುತ್ತೆ? ಆಕಾಶದ ಮೇಲೆ ತಪ್ಪು ಹೊರಿಸೋದು ಸುಲಭ. 1930ರಲ್ಲಿ 5,408 ಇದ್ದ ಜನ ಹತ್ತು ವರ್ಷದಲ್ಲಿ 3,654ಕ್ಕೆ ಇಳಿದರು. ಹಾಗಂತ ಅವರನ್ನು ಬೈಯೋಕೂ ಮನಸ್ಸು ಬರಲ್ಲ. ಸಾಲದ ಕಂತು ಹತ್ತಿರ ಬಂದಾಗ ಹುಲ್ಲಿನ ಬೇರಿನ ಬಗ್ಗೆ ಯಾರು ಯೋಚಿಸ್ತಾರೆ?

ಕೌಂಟಿಯ ವಾಯವ್ಯ ಮೂಲೆಯಲ್ಲಿ ಮಾತ್ರ ನೋಟ ಪೂರ್ತಿ ಬದಲಾಗುತ್ತೆ. ಕರಿ ಲಾವಾ ಹೊದ್ದ ಚಪ್ಪಟೆ ಬೆಟ್ಟ ಬ್ಲ್ಯಾಕ್ ಮೆಸಾ, 4,973 ಅಡಿ, ಓಕ್ಲಹೋಮಾದ ಅತಿ ಎತ್ತರದ ಜಾಗ. ಪಕ್ಕದ ಕೆಂಟನ್ ಎಂಬ ಪುಟ್ಟ ಊರು ರಾಜ್ಯದ ಗಡಿಯಾರವನ್ನೇ ಲೆಕ್ಕಕ್ಕಿಟ್ಟಿಲ್ಲ, ಒಂದು ಗಂಟೆ ಹಿಂದೆ ನಡೆಯುತ್ತೆ. ಅಲ್ಲಿನ ಹಳ್ಳದಲ್ಲಿ ಡೈನೋಸಾರ್ ಹೆಜ್ಜೆಗುರುತುಗಳೂ ಇವೆ.

ವಾಪಸ್ ಬರುವಾಗ ದಕ್ಷಿಣದ ರಿಟಾ ಬ್ಲಾಂಕಾ ಹುಲ್ಲುಗಾವಲಲ್ಲಿ ಕಾರು ನಿಲ್ಲಿಸಿದೆ. ಹಾಳುಬಿದ್ದ ಹೊಲಗಳನ್ನು ಸರ್ಕಾರವೇ ಕೊಂಡು ಮತ್ತೆ ಹುಲ್ಲು ಬೆಳೆಸಿದ ನೆಲ ಅದು. ಇನ್ನಷ್ಟು ದೂರ ಬಂದರೆ ಬೋರ್‌ವೆಲ್ ನೀರು ಚಿಮ್ಮಿಸುತ್ತಾ ದೊಡ್ಡ ವೃತ್ತ ಸುತ್ತೋ ಪೈಪುಗಳು. ನೀರು ನೆಲದಡಿಯ ಓಗಲಾಲಾ ಜಲಪದರದ್ದು. ಆ ಪದರ ವರ್ಷವರ್ಷ ಕೆಳಗಿಳಿಯುತ್ತಿದೆ. ಪೆಟ್ರೋಲ್ ಬಂಕಿನಲ್ಲಿ ಸಿಕ್ಕ ಮುದುಕರೊಬ್ಬರನ್ನು "ಬಾವಿ ಎಷ್ಟು ಆಳ ಹೋಗಿದೆ?" ಅಂತ ಕೇಳಿದೆ. ಅವರು ನಕ್ಕು, ಅಪ್ಪನ ಕಾಲದಲ್ಲಿ ನೀರೆತ್ತೋಕೆ ಗಾಳಿಗಿರಣಿಯೇ ಸಾಕಾಗಿತ್ತು ಅಂದರು.