ಹತ್ತುವವರು, ಇಳಿಯುವವರು

"ಅಕ್ಟೋಬರ್ ರಜೆಯಲ್ಲಿ ಶಾಂಘೈ ನೋಡೋಕೆ ಹೋಗ್ತೀಯಾ? ತಲೆ ಕೆಟ್ಟಿದ್ಯಾ?" ಹೀಗೆ ಕೇಳಿದವರು ಒಬ್ಬಿಬ್ಬರಲ್ಲ. ಮೂರು ವರ್ಷದಿಂದ ಚೀನಾದ ಸುಝೌ ನಗರದಲ್ಲಿ ಕೆಲಸ ಮಾಡುತ್ತಿದ್ದೇನೆ. ಆ ವಾರ ಎಲ್ಲಿ ನೋಡಿದರೂ ಜನ, ಮನೆ ಬಿಟ್ಟು ಹೊರಡಬಾರದು ಅಂತ ಇಲ್ಲಿರುವ ನಮ್ಮವರೆಲ್ಲ ಹೇಳುತ್ತಾರೆ. 2025ರಲ್ಲಿ ನಾನು ಹೊರಟೆ. ಹೋಗಿದ್ದು ಒಳ್ಳೆಯದೇ ಆಯಿತು.

ನಾವು ನಾಲ್ಕು ಜನ. ನಾನು, ಬೆಳಗಾವಿ ಕಡೆಯ ಗೆಳೆಯ, ನಮ್ಮ ಆಫೀಸಿನ ಒಬ್ಬ ಚೀನೀ ಗೆಳತಿ, ಅವಳ ಅಮ್ಮ. ಅಮ್ಮ ಅನ್ಹುಯಿ ಪ್ರಾಂತ್ಯದ ಹಳ್ಳಿಯವರು, ವಯಸ್ಸು 70ರ ಹತ್ತಿರ. ಶಾಂಘೈನ ನದಿ ದಂಡೆ ನೋಡಬೇಕು ಅಂತ ಬಹಳ ವರ್ಷಗಳ ಆಸೆ. ಅಮ್ಮನ ವಯಸ್ಸಿನ ಹೆಂಗಸರನ್ನು ಇಲ್ಲಿ 'ಆಯಿ' ಅಂತ ಕರೆಯುತ್ತಾರೆ. ನನ್ನ ಗೆಳೆಯ ಊರಲ್ಲಿ ಅಜ್ಜಿಯನ್ನು ಕರೆಯುವುದೂ ಆಯಿ ಅಂತಲೇ. ಅವನು "ಆಯೀ" ಅಂದ ಕೂಡಲೇ ಅವರು ಚೀಲದಿಂದ ಒಂದು ಕಿತ್ತಳೆ ತೆಗೆದು ಅವನ ಕೈಗಿಟ್ಟರು. ಆಮೇಲೆ ದಿನವಿಡೀ ಅವನ ತೋಳು ಹಿಡಿದೇ ನಡೆದರು.

ನವೆಂಬರ್‌ನಲ್ಲಿ ಹೋದರೆ ಖಾಲಿ ಇರುತ್ತೆ ಅಲ್ವಾ ಅಂತ ನಾನೂ ಗೆಳತಿಯನ್ನು ಕೇಳಿದ್ದೆ. ರಜೆ ಎಲ್ಲಿದೆ ಅಂದಳು. ಹತ್ತು ವರ್ಷ ಸರ್ವಿಸ್ ಆಗದವರಿಗೆ ಇಲ್ಲಿನ ಕಾನೂನು ಕೊಡಿಸುವುದು ವರ್ಷಕ್ಕೆ ಐದೇ ದಿನ ರಜೆ. ಉಳಿದದ್ದು ಸರ್ಕಾರಿ ಹಬ್ಬದ ರಜೆ. 1999ರಿಂದ ಅಕ್ಟೋಬರ್ ಮೊದಲ ವಾರ ಹೀಗೆ ಉದ್ದದ ರಜೆಯಾಗಿದೆ. ಆ ಸಲ ಚೀನೀಯರ ಹುಣ್ಣಿಮೆ ಹಬ್ಬವೂ ಅದೇ ವಾರ ಬಂದು ಎಂಟು ದಿನವಾಯಿತು. ಅದೂ ಪುಕ್ಕಟೆ ಅಲ್ಲ. ಸೆಪ್ಟೆಂಬರ್ 28 ಭಾನುವಾರ, ಅಕ್ಟೋಬರ್ 11 ಶನಿವಾರ, ಎರಡೂ ದಿನ ಕೆಲಸ ಮಾಡಿ ಸರಿದೂಗಿಸಬೇಕಿತ್ತು. ಈ ಜನಕ್ಕೆ ಬೇರೆ ದಿನ ಸಿಗಲ್ವಾ ಅಂತ ಗೊಣಗುವವರಿಗೆ ನನ್ನ ಉತ್ತರ ಇಷ್ಟೇ. ಇಲ್ಲ, ಸಿಗಲ್ಲ. ಅಮ್ಮನನ್ನು ಕರೆದುಕೊಂಡು ಹೋಗಲು ಮಗಳಿಗೆ ಇರುವುದು ಇದೊಂದೇ ವಾರ. ಆ ಗುಂಪಿನಲ್ಲಿ ಇದ್ದವರೆಲ್ಲ ಹೆಚ್ಚುಕಡಿಮೆ ಇಂಥವರೇ. ಅವರನ್ನು ಬೈಯುವುದು ನನಗೆ ತಪ್ಪು ಅನ್ನಿಸುತ್ತದೆ.

ಅಕ್ಟೋಬರ್ 2ರ ಸಂಜೆ. ಮೈಸೂರಲ್ಲಿ ಜಂಬೂ ಸವಾರಿ, ನಾವು ನಾನ್‌ಜಿಂಗ್ ರಸ್ತೆಯಲ್ಲಿ. ಎಳ್ಳು ಹಾಕಿದರೆ ನೆಲಕ್ಕೆ ಬೀಳುವಂತಿರಲಿಲ್ಲ. 'ರೆನ್ ಶಾನ್ ರೆನ್ ಹೈ' ಅಂದಳು ಗೆಳತಿ. ಜನರ ಬೆಟ್ಟ, ಜನರ ಸಮುದ್ರ ಅಂತ. ನದಿ ಕಡೆಗೆ ಹೋಗಲು ಒಂದು ದಾರಿ, ವಾಪಸ್ ಬರಲು ಬೇರೆ ದಾರಿ. ರಸ್ತೆ ದಾಟುವ ಕಡೆ ಸಮವಸ್ತ್ರದ ಹುಡುಗರು ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಿಂತಿದ್ದರು. ಕೆಂಪು ದೀಪ ಬಂದಾಗ ಅವರೇ ಗೋಡೆ. ಹಸಿರು ಬಂತು, ಸೀಟಿ ಊದಿತು, ಗೋಡೆ ಎರಡು ಭಾಗವಾಗಿ ಪಕ್ಕಕ್ಕೆ ಸರಿಯಿತು. ನಾವು ದಾಟಿದೆವು. ಮತ್ತೆ ಸೀಟಿ, ಮತ್ತೆ ಗೋಡೆ. ನನ್ನ ಎದುರಿಗಿದ್ದ ಹುಡುಗನಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ಕಿವಿಯ ಹಿಂದಿನಿಂದ ಬೆವರು ಇಳಿದು ಕಾಲರ್ ಪೂರ್ತಿ ನೆನೆದಿತ್ತು. ಒರೆಸಿಕೊಳ್ಳಲೂ ಕೈ ಎತ್ತಲಿಲ್ಲ. ಆಯಿ ಅವನಿಗೂ ಒಂದು ಕಿತ್ತಳೆ ಚಾಚಿದರು. ತಲೆ ಅಲ್ಲಾಡಿಸಿ ನಕ್ಕ, ತೆಗೆದುಕೊಳ್ಳಲಿಲ್ಲ.

ಈ ವ್ಯವಸ್ಥೆಯ ಹಿಂದೆ ಒಂದು ದೊಡ್ಡ ನೋವಿದೆ. 2014ರ ಡಿಸೆಂಬರ್ 31ರ ರಾತ್ರಿ ಇದೇ ದಂಡೆಯ ಚೆನ್ ಯಿ ಚೌಕದಲ್ಲಿ ಕಾಲ್ತುಳಿತ ಆಗಿ 36 ಜನ ಸತ್ತರು. ಹೆಚ್ಚಿನವರು ಹುಡುಗ ಹುಡುಗಿಯರು. ನದಿ ನೋಡಲು ಮೇಲಕ್ಕೆ ಹತ್ತುವವರು, ನೋಡಿ ಕೆಳಗೆ ಇಳಿಯುವವರು, ಇಬ್ಬರೂ ಒಂದೇ ಮೆಟ್ಟಿಲಲ್ಲಿ ಎದುರುಬದುರಾದರು. ಅಷ್ಟೇ ಸಾಕಾಯಿತು. ನಾವು ಹೋದ ದಿನ ಹತ್ತುವ ಮೆಟ್ಟಿಲಲ್ಲಿ ಇಳಿಯುವವರು ಒಬ್ಬರೂ ಇರಲಿಲ್ಲ.

ಅಲ್ಲಿ ನಿಂತಾಗ ನನಗೆ ಬೆಂಗಳೂರು ನೆನಪಾಯಿತು. 2025ರ ಜೂನ್ 4. ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ ಸತ್ತವರು 11 ಜನ. ಕಪ್ ಗೆದ್ದ ಖುಷಿಗೆ ಮನೆಯಿಂದ ಹೊರಟ ಮಕ್ಕಳು ಹಿಂದಿರುಗಲಿಲ್ಲ. ಆಗ ನಮ್ಮಲ್ಲಿ ತುಂಬಾ ಜನ ಬರೆದದ್ದು ಏನು? 'ಅಷ್ಟು ಜನ ಸೇರಿದ್ದೇ ತಪ್ಪು' ಅಂತ. ನಾನದನ್ನು ಒಪ್ಪುವುದಿಲ್ಲ. ಜನ ಸೇರುತ್ತಾರೆ. ಜಾತ್ರೆಗೆ, ದಸರಾಕ್ಕೆ, ಗೆದ್ದ ತಂಡ ನೋಡುವುದಕ್ಕೆ ಸೇರಿಯೇ ಸೇರುತ್ತಾರೆ. ಬರುವ ದಾರಿ ಯಾವುದು, ಹೋಗುವ ದಾರಿ ಯಾವುದು, ತುಂಬಿದ ಮೇಲೆ ಎಲ್ಲಿ ತಡೆಯಬೇಕು, ಇದನ್ನು ಮೊದಲೇ ಕೂತು ಲೆಕ್ಕ ಹಾಕಬೇಕಾದವರು ಬೇರೆ ಇದ್ದಾರೆ. ಸತ್ತವರ ಮೇಲೆ ತಪ್ಪು ಹೊರಿಸುವುದು ನೋಡಿದರೆ ಸಂಕಟ ಆಗುತ್ತದೆ, ನಿಜವಾಗಿ.

ಮೇಲೆ ಹತ್ತಿದಾಗ ಎದುರಿಗೆ ಹುವಾಂಗ್‌ಪು ನದಿ. ಆಚೆ ದಡದಲ್ಲಿ 632 ಮೀಟರ್ ಎತ್ತರದ ಶಾಂಘೈ ಟವರ್, ದೀಪ ಹೊತ್ತಿಕೊಂಡಿತ್ತು. ಮುಂದಿನ ಸಾಲಿಗೆ ಜಾಗ ಸಿಗಲಿಲ್ಲ. ಕಂಬಿ ಹಿಡಿದು ನಿಂತಿದ್ದ ಹುಡುಗಿಯೊಬ್ಬಳು ತಿರುಗಿ ನೋಡಿ, ಆಯಿಯನ್ನು ಮುಂದಕ್ಕೆ ಬಿಟ್ಟು ತಾನು ಹಿಂದೆ ಬಂದಳು. ಆಯಿ ಫೋಟೋ ತೆಗೆಸಿಕೊಳ್ಳಲಿಲ್ಲ. ಎರಡೂ ಕೈಯಲ್ಲಿ ಕಂಬಿ ಹಿಡಿದು ಸುಮ್ನೆ ನೋಡುತ್ತಾ ನಿಂತರು.

ವಾಪಸ್ ಬರುವಾಗ ಹತ್ತಿರದ ಮೆಟ್ರೋ ಸ್ಟೇಷನ್‌ನಲ್ಲಿ ರೈಲು ನಿಲ್ಲುತ್ತಿರಲಿಲ್ಲ. ಜನ ಜಾಸ್ತಿಯಾದರೆ ಹಾಗೆ ಮಾಡುತ್ತಾರೆ. ಪೀಪಲ್ಸ್ ಸ್ಕ್ವೇರ್ ತನಕ ನಡೆದೆವು. ದಾರಿಯಲ್ಲಿ ಎರಡು ಕಡೆ ಆಯಿ ತಮ್ಮ ಮಡಚುವ ಸ್ಟೂಲ್ ಬಿಚ್ಚಿ ಕೂತರು, ಫ್ಲಾಸ್ಕಿನ ಬಿಸಿನೀರು ಕುಡಿದರು, ಹುಣ್ಣಿಮೆ ಹಬ್ಬದ ತಿಂಡಿಯಾದ ಒಂದು ಮೂನ್‌ಕೇಕನ್ನು ನಾಲ್ಕು ಪಾಲು ಮಾಡಿ ಹಂಚಿದರು. ಆಮೇಲೆ ನನ್ನ ಗೆಳೆಯನ ತೋಳು ಹಿಡಿದು ಎದ್ದು ಮತ್ತೆ ಹೊರಟರು.